ವಾಲುವ ಕಾರಿಗೆ ಜೋಡಿ ಸರಳು

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಿಂದ ಉಡುಪಿಗೆಂದು ಹೊರಟ ಕಾರು ಶಿವಮೊಗ್ಗ, ತೀರ್ಥಹಳ್ಳಿ ದಾಟುವವರೆಗೆ ಯಾರದೂ ತಕರಾರಿರುವುದಿಲ್ಲ. ಆಗುಂಬೆ ಘಟ್ಟದ 14 ಹೇರ್‌ಪಿನ್ ತಿರುವುಗಳು ಶುರುವಾದವೋ, ಹಿಂದಿನ ಸೀಟಿನ ಮಕ್ಕಳು ಒಬ್ಬರ ಮೇಲೊಬ್ಬರು ಬೀಳತೊಡಗುತ್ತಾರೆ. ಅಜ್ಜಿ ಕಿಟಕಿಯ ಹಿಡಿ ಬಿಡುವುದಿಲ್ಲ. ಕಾರು ಎಡಕ್ಕೆ ತಿರುಗಿದರೆ ಅದರ ಒಡಲು ಬಲಕ್ಕೆ ವಾಲುತ್ತದೆ, ಬಲಕ್ಕೆ ತಿರುಗಿದರೆ ಎಡಕ್ಕೆ. 'ಸ್ವೇ ಬಾರ್ ದಪ್ಪದ್ದು ಹಾಕಿಸಿದರೆ ಆಯಿತು' ಎಂದು ಮುಂದೆ ಕುಳಿತ ಕಾಲೇಜು ಹುಡುಗ ಹೇಳಿಯೇ ಹೇಳುತ್ತಾನೆ. ದಪ್ಪದ್ದು ಹಾಕಿಸಿದರೆ ವಾಲುವುದು ಕಡಿಮೆಯಾಗುವುದು ನಿಜ. ಆದರೆ ಎಲ್ಲಿಗೆ ಹಾಕಿಸುವುದು, ಮುಂದಕ್ಕೋ ಹಿಂದಕ್ಕೋ ಎಂಬ ಪ್ರಶ್ನೆಗೆ ಉತ್ತರ ತಿಳಿಯದೆ ಕೈ ಹಾಕಿದರೆ, ಅದೇ ಘಟ್ಟದ ಒದ್ದೆ ತಿರುವಿನಲ್ಲಿ ಕಾರು ಬಾಲ ಬೀಸೀತು.

ಗ್ಯಾರೇಜಿನಲ್ಲಿ ಇದಕ್ಕೆ ಸ್ಟೆಬಿಲೈಸರ್ ಬಾರ್ ಎಂದು ಹೆಸರು. ಪುಸ್ತಕಗಳಲ್ಲಿ ಆ್ಯಂಟಿ ರೋಲ್ ಬಾರ್ ಎಂದಿರುತ್ತದೆ. ಎಡಚಕ್ರದಿಂದ ಬಲಚಕ್ರದ ಕಡೆಗೆ ಕಾರಿನ ಅಡಿಯಲ್ಲಿ ಅಡ್ಡಲಾಗಿ ಹಾದಿರುವ, ಎರಡೂ ತುದಿ ಬಾಗಿದ ಉಕ್ಕಿನ ಸರಳು ಅದು. ನೋಡಲು ಅಗಲವಾಗಿ ಹಿಗ್ಗಿಸಿದ ಲಾಳದಂತೆ. ನಡುಭಾಗವನ್ನು ರಬ್ಬರ್ ಬುಷ್‌ಗಳಲ್ಲಿ ಕೂರಿಸಿ ಕಾರಿನ ಒಡಲಿಗೆ ಕಟ್ಟಿರುತ್ತಾರೆ. ತುದಿಗಳು, ಸಾಮಾನ್ಯವಾಗಿ ಲಿಂಕ್ ರಾಡ್ ಎಂಬ ಗಿಡ್ಡ ಕಡ್ಡಿಗಳ ಮೂಲಕ, ಎರಡು ಬದಿಯ ಸಸ್ಪೆನ್ಷನ್‌ಗೆ ಸೇರಿರುತ್ತವೆ.

ಇದು ಕೆಲಸ ಮಾಡುವ ಬಗೆ ತಿಳಿಯಲು ಸೈಕಲ್ ಚಕ್ರದ ಒಂದು ಹಳೆಯ ಕಡ್ಡಿ ಸಾಕು. ಖಾಲಿ ಪೆನ್ನಿನ ಕೊಳವೆಯೊಂದನ್ನು ಅದಕ್ಕೆ ತೊಡಿಸಿ, ಆಮೇಲೆ ಎರಡೂ ತುದಿಯನ್ನು ಒಂದೇ ಕಡೆಗೆ ಬಾಗಿಸಬೇಕು. ಕೊಳವೆಯನ್ನು ಒಬ್ಬರು ಹಿಡಿದುಕೊಂಡಿರಲಿ. ಎರಡೂ ತುದಿಗಳನ್ನು ಒಟ್ಟಿಗೆ ಮೇಲೆತ್ತಿದರೆ ಕಡ್ಡಿ ಸುಮ್ಮನೆ ತಿರುಗುತ್ತದೆ, ಯಾವ ತಡೆಯೂ ಇಲ್ಲ. ರಸ್ತೆಯ ಉಬ್ಬನ್ನು ಎರಡೂ ಚಕ್ರ ಒಟ್ಟಿಗೆ ಹತ್ತಿದಾಗ ಆಗುವುದು ಇದೇ. ಒಂದು ತುದಿಯನ್ನು ಮೇಲೆತ್ತಿ ಇನ್ನೊಂದನ್ನು ಕೆಳಗೆ ಒತ್ತಿದರೆ ಮಾತ್ರ ಕಡ್ಡಿ ತಿರುಚಿಕೊಂಡು ಪ್ರತಿಭಟಿಸುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ಹೊರಬದಿಯ ಸ್ಪ್ರಿಂಗ್ ಕುಗ್ಗಿ ಒಳಬದಿಯದು ಹಿಗ್ಗುತ್ತದಲ್ಲ, ಆ ಪ್ರತಿಭಟನೆ ಬೇಕಾದದ್ದು ಆಗಲೇ. ಕೆನಡಾದ ಫ್ರೆಡರಿಕ್ಟನ್ ಪಟ್ಟಣದ ಸ್ಟೀಫನ್ ಕೋಲ್‌ಮನ್ 1919ರಲ್ಲಿಯೇ ಇಂಥ ಸರಳಿಗೆ ಪೇಟೆಂಟ್ ಪಡೆದಿದ್ದ.

ಇಷ್ಟು ಸುಲಭದ ವಸ್ತುವಿನಲ್ಲಿ ತೊಡಕೆಲ್ಲಿ? ಸರಳು ವಾಲುವುದನ್ನು ತಡೆಯುತ್ತದೆಯೇ ಹೊರತು ಭಾರ ಸರಿಯುವುದನ್ನಲ್ಲ ಎಂಬಲ್ಲಿ. ಜನ ಸೇರಿ 1,000 ಕಿಲೋ ತೂಗುವ ಒಂದು ಕಾರು ಎಂದಿಟ್ಟುಕೊಳ್ಳೋಣ. ಎಡಬಲ ಚಕ್ರಗಳ ನಡುವೆ 130 ಸೆಂಟಿಮೀಟರ್ ಅಂತರ, ಗುರುತ್ವಕೇಂದ್ರ ನೆಲದಿಂದ 52 ಸೆಂಟಿಮೀಟರ್ ಎತ್ತರ. ತೂಕದ ಅರ್ಧದಷ್ಟು ಪಕ್ಕದ ಬಲ ಬೀಳುವಂತೆ ಅದನ್ನು ತಿರುಗಿಸಿದರೆ 200 ಕಿಲೋ ಭಾರ ಒಳಚಕ್ರಗಳಿಂದ ಹೊರಚಕ್ರಗಳಿಗೆ ದಾಟುತ್ತದೆ. ಒಳಬದಿಗೆ 300, ಹೊರಬದಿಗೆ 700. ಎಷ್ಟೇ ದಪ್ಪದ ಸರಳು ಹಾಕಿದರೂ ಈ 200 ಹೆಚ್ಚುಕಡಿಮೆ 200 ಆಗಿಯೇ ಉಳಿಯುತ್ತದೆ. ಬದಲಾಗುವುದು ಅದರಲ್ಲಿ ಮುಂದಿನ ಚಕ್ರಗಳ ಪಾಲೆಷ್ಟು, ಹಿಂದಿನವುಗಳ ಪಾಲೆಷ್ಟು ಎಂಬ ಹಂಚಿಕೆ. ಯಾವ ಕಡೆಯ ಸರಳು ಬಿಗಿಯೋ ಆ ಕಡೆಗೆ ಹೆಚ್ಚು ಪಾಲು.

ಹೆಚ್ಚು ಪಾಲು ಹೊತ್ತ ಕಡೆ ಹಿಡಿತ ಜಾಸ್ತಿಯಾಗಬೇಕಲ್ಲವೇ ಎಂದು ಅನ್ನಿಸುವುದು ಸಹಜ. ಟೈರಿನ ಸ್ವಭಾವ ಹಾಗಿಲ್ಲ, ಅದು ಮಂಡಿಯ ಹಮಾಲಿಯಂತೆ. ಒಂದು ಮೂಟೆ ಹೊತ್ತವನು ಸಲೀಸಾಗಿ ನಡೆದಾನು; ಎರಡು ಹೇರಿದರೆ ಹೊತ್ತಾನು, ಆದರೆ ಎರಡಾಳಿನ ಕೆಲಸ ಆಗುವುದಿಲ್ಲ. ಭಾರ ಏರಿದಂತೆ ಟೈರಿನ ಹಿಡಿತವೂ ಏರುತ್ತದೆ, ಆದರೆ ಅದೇ ಪ್ರಮಾಣದಲ್ಲಲ್ಲ. ಆದ್ದರಿಂದ ಎಡಬಲದ ಭಾರದಲ್ಲಿ ವ್ಯತ್ಯಾಸ ಹೆಚ್ಚಿದ ಜೋಡಿ, ಒಟ್ಟು ಹಿಡಿತದಲ್ಲಿ ಸೋಲುತ್ತದೆ.

ಮುಂದಿನ ಜೋಡಿ ಮೊದಲು ಸೋತರೆ ಸ್ಟಿಯರಿಂಗ್ ತಿರುಗಿಸಿದಷ್ಟು ಕಾರು ತಿರುಗದೆ ಮೂಗು ಹೊರಕ್ಕೆ ಎಳೆಯುತ್ತದೆ. ಇದು ಅಂಡರ್‌ಸ್ಟಿಯರ್. ಹಿಂದಿನ ಜೋಡಿ ಮೊದಲು ಸೋತರೆ ಬಾಲ ಹೊರಕ್ಕೆ ಬೀಸಿ ಕಾರು ಗಿರಕಿ ಹೊಡೆಯಲು ನೋಡುತ್ತದೆ. ಇದು ಓವರ್‌ಸ್ಟಿಯರ್. ಈ ಎರಡು ಪದಗಳಿಗೆ ಶಾಸ್ತ್ರದ ತಳಹದಿ ಕೊಟ್ಟವರಲ್ಲಿ ಪ್ರಮುಖ, 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿದ್ದ ಎಂಜಿನಿಯರ್ ಮಾರಿಸ್ ಓಲಿ. ಮೊದಲನೆಯದರಲ್ಲಿ ವೇಗ ತಗ್ಗಿಸಿದರೆ ಕಾರು ಸಾಮಾನ್ಯವಾಗಿ ದಾರಿಗೆ ಬರುತ್ತದೆ. ಸಾಮಾನ್ಯ ಚಾಲಕ ತಾನಾಗಿಯೇ ಮಾಡುವುದೂ ಅದನ್ನೇ. ಎರಡನೆಯದರಲ್ಲಿ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಜಾರಿ ಹಿಂಚಕ್ರಗಳ ಹಿಡಿತ ಇನ್ನೂ ತಗ್ಗುತ್ತದೆ. ಮನೆಮಂದಿಯ ಕಾರುಗಳನ್ನು ತಯಾರಕರು ತುಸು ಅಂಡರ್‌ಸ್ಟಿಯರ್ ಕಡೆಗೇ ಹೊಂದಿಸಿ ಕಳಿಸುವುದು ಇದಕ್ಕಾಗಿ. ಹಿಂದಕ್ಕೆ ಮಾತ್ರ ದಪ್ಪ ಸರಳು ಹಾಕಿಸುವವನು ಆ ಹೊಂದಾಣಿಕೆಯನ್ನೇ ಕಲಕುತ್ತಾನೆ.

ಎಷ್ಟು ಕಲಕುತ್ತಾನೆ ಎಂಬುದನ್ನು ಪಿಯುಸಿ ವಿದ್ಯಾರ್ಥಿ ಕಾಗದದ ಮೇಲೆಯೇ ನೋಡಬಹುದು. ಗಟ್ಟಿ ಸರಳಿನ ಬಿಗಿ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣ. 20 ಮಿಲಿಮೀಟರ್ ಇದ್ದದ್ದು 22 ಆದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಬಿಗಿ ಮಾತ್ರ ಶೇ. 46ರಷ್ಟು ಏರಿರುತ್ತದೆ. 14 ಇದ್ದದ್ದು 16 ಆದರೆ ಶೇ. 71. ಈಗ ಲೆಕ್ಕಕ್ಕೆಂದು ಒಂದು ಕಾರು ಹಿಡಿಯೋಣ. ಅದು ಒಂದು ಡಿಗ್ರಿ ವಾಲಲು ಮುಂದಿನ ಸ್ಪ್ರಿಂಗ್‌ಗಳು 300 ನ್ಯೂಟನ್ ಮೀಟರ್, 20 ಮಿ.ಮೀ. ಸರಳು 200 ನ್ಯೂಟನ್ ಮೀಟರ್ ತಡೆ ಒಡ್ಡುತ್ತವೆ. ಹಿಂದೆ ಸ್ಪ್ರಿಂಗ್‌ಗಳದು 250, 14 ಮಿ.ಮೀ. ಸರಳಿನದು 80. ಒಟ್ಟು 830ರಲ್ಲಿ ಮುಂದಿನ ಪಾಲು 500, ಎಂದರೆ ಶೇ. 60. ಹಿಂದಕ್ಕೆ ಮಾತ್ರ 16 ಮಿ.ಮೀ. ಸರಳು ಹಾಕಿದರೆ 80 ಹೋಗಿ 136 ಆಗುತ್ತದೆ, ಮುಂದಿನ ಪಾಲು ಶೇ. 56ಕ್ಕೆ ಇಳಿಯುತ್ತದೆ. ನಾಲ್ಕು ಅಂಕ ತಾನೇ ಎನ್ನಬಾರದು, ಮಳೆಯ ರಸ್ತೆಯಲ್ಲಿ ಕಾರಿನ ಗುಣವೇ ಬದಲಾಗಲು ಅಷ್ಟು ಸಾಕಾಗಬಹುದು. ಜೊತೆಗೆ ಮುಂದಕ್ಕೂ 22 ಮಿ.ಮೀ. ಸರಳು ಹಾಕಿದರೆ 200 ಇದ್ದದ್ದು 293. ಪಾಲು ಮತ್ತೆ ಶೇ. 60ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಟ್ಟು ತಡೆ 979ಕ್ಕೆ ಏರಿದ್ದರಿಂದ ವಾಲುವುದು ಮಾತ್ರ ಶೇ. 15ರಷ್ಟು ತಗ್ಗುತ್ತದೆ. ಮುಂದಿನ, ಹಿಂದಿನ ಸರಳುಗಳನ್ನು ಜೋಡಿಯಾಗಿ ಆರಿಸುವುದೆಂದರೆ ಇಷ್ಟೇ.

ಇಂದಿನ ಅನೇಕ ಸಣ್ಣ ಕಾರುಗಳ ಅಡಿಗೆ ಬಗ್ಗಿ ನೋಡಿದರೆ ಹಿಂದೆ ಸರಳೇ ಕಾಣುವುದಿಲ್ಲ. ಕಂಪನಿ ಕಾಸು ಉಳಿಸಿತೆಂದು ದೂರಬೇಕಿಲ್ಲ. ಹಿಂಚಕ್ರಗಳನ್ನು ಕೂಡಿಸುವ ಅಡ್ಡತೊಲೆಯೇ ತಿರುಚಿಕೊಂಡು ಆ ಕೆಲಸವನ್ನೂ ಮಾಡುತ್ತದೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಲ್ಲಿ ಮುಂದಿನ ಸರಳಿಗೆ, ಚಕ್ರ ಹಿಂದೆಮುಂದೆ ಸರಿಯದಂತೆ ಹಿಡಿಯುವ ಹೊಣೆಯೂ ಇತ್ತು. ಅಂಥದನ್ನು ಬಿಚ್ಚಿ ಅಂದಾಜಿನ ಮೇಲೆ ಬೇರೊಂದನ್ನು ಕೂರಿಸುವುದು ಹುಡುಗಾಟವಲ್ಲ.

ಈ ಹೊಂದಾಣಿಕೆಯನ್ನು ಕೈಯಾರೆ ಮಾಡಿ ಕಲಿಯಬೇಕೆನ್ನುವ ಹುಡುಗ ಹುಡುಗಿಯರಿಗೆ ಮನೆಯ ಕಾರಿಗಿಂತ ಒಳ್ಳೆಯ ಜಾಗವಿದೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ 'ಅಶ್ವ ರೇಸಿಂಗ್' ತಂಡ 2003ರಲ್ಲಿ ಶುರುವಾಯಿತು. ಇಂಥ ತಂಡಗಳು ತಾವೇ ಪುಟ್ಟ ರೇಸ್ ಕಾರು ಕಟ್ಟಿ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಒಯ್ಯುತ್ತವೆ. ಅಲ್ಲಿ 'ಸ್ಕಿಡ್ ಪ್ಯಾಡ್' ಎಂಬ ಪರೀಕ್ಷೆಯಿದೆ: ಎಂಟರ ಅಂಕಿಯಂತೆ ಕೂಡಿದ ಎರಡು ವೃತ್ತಗಳ ದಾರಿ, ಒಳವೃತ್ತದ ವ್ಯಾಸ 15.25 ಮೀಟರ್, ದಾರಿಯ ಅಗಲ 3 ಮೀಟರ್. ಮೂಗು ಎಳೆಯಿತೋ ಬಾಲ ಬೀಸಿತೋ ಅಲ್ಲಿ ಅಡಗಿಸಲಾಗದು. ಎಷ್ಟೋ ತಂಡಗಳು ಸರಳಿನ ತೋಳಿಗೆ ಎರಡು ಮೂರು ತೂತು ಕೊರೆದು, ಲಿಂಕನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಿ ಬಿಗಿ ಹೊಂದಿಸಿಕೊಳ್ಳುತ್ತವೆ. ತೋಳು 250ರಿಂದ 225 ಮಿ.ಮೀ.ಗೆ ಗಿಡ್ಡವಾದರೆ ತಿರುಚುವಿಕೆಯ ಬಿಗಿ ಶೇ. 23ರಷ್ಟು ಏರುತ್ತದೆ. ಸಾಸ್ವೆಹಳ್ಳಿಯವರಿಗೆ ಸಮೀಪದಲ್ಲೇ ಮೆಕ್ಯಾನಿಕಲ್ ಓದಲು ದಾವಣಗೆರೆಯಲ್ಲಿ 1951ರ ಯುಬಿಡಿಟಿ, ಶಿವಮೊಗ್ಗದಲ್ಲಿ 1980ರ ಜೆಎನ್‌ಎನ್ ಕಾಲೇಜುಗಳಿವೆ.

ಇನ್ನು ತಂದೆ ತಾಯಿ ಕೇಳುವ ಪ್ರಶ್ನೆ: ಮನೆಯ ಕಾರಿಗೆ ದಪ್ಪ ಸರಳು ಬೇಕೇ? ಗದ್ದೆ ಬಯಲಿನ ರಸ್ತೆಯಲ್ಲಿ ಓಡುವ ಕಾರಿಗೆ ಬಹುಮಟ್ಟಿಗೆ ಬೇಡ. ಸರಳು ಎಡಬಲವನ್ನು ಬೆಸೆಯುವುದರಿಂದ ಒಂದು ಚಕ್ರ ಗುಂಡಿಗೆ ಬಿದ್ದರೆ ಏಟು ಇನ್ನೊಂದಕ್ಕೂ ತಾಗುತ್ತದೆ. ಬಿಗಿ ಹೆಚ್ಚಿದಷ್ಟೂ ಕುಲುಕಾಟ ಹೆಚ್ಚು. ಅತಿ ಬಿಗಿಯಾದರೆ ತಿರುವಿನಲ್ಲಿ ಒಳಚಕ್ರ ನೆಲ ಬಿಟ್ಟು ಏಳಲೂಬಹುದು. ನೋಂದಣಿ ಪತ್ರದಲ್ಲಿರುವ, ತಯಾರಕರು ಕೊಟ್ಟ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಯಾವ ಬದಲಾವಣೆಗೂ ಮುನ್ನ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸುವುದು ಲೇಸು.

ಹಳೆಯ ಕಾರು ಮೊದಲಿಗಿಂತ ಹೆಚ್ಚು ವಾಲುತ್ತಿದ್ದರೆ, ಹಾಳು ರಸ್ತೆಯಲ್ಲಿ ಮುಂದಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ, ಸರಳಿಗಿಂತ ಮೊದಲು ಅದರ ರಬ್ಬರ್ ಬುಷ್ ಮತ್ತು ಲಿಂಕ್ ರಾಡ್ ನೋಡಿಸಬೇಕು. ಬುಷ್ ಸವೆದಲ್ಲಿ ಸರಳು ತಿರುಚಿಕೊಳ್ಳುವ ಮುನ್ನ ಖಾಲಿ ಜಾಗದಲ್ಲಿ ಆಡುತ್ತದೆ, ಅಷ್ಟು ಹೊತ್ತು ಅದು ಇದ್ದೂ ಇಲ್ಲದಂತೆ. ಜೊತೆಗೆ ಶಾಕ್ ಅಬ್ಸಾರ್ಬರ್, ಟೈರಿನ ಗಾಳಿ. ಬುಷ್ ಬದಲಿಸುವಾಗಲೂ ಎಡದ್ದು ಹೋಗಿದೆಯೆಂದು ಎಡದ್ದೊಂದನ್ನೇ ಹಾಕಿಸದೆ ಎರಡೂ ಬದಿಯದನ್ನು ಒಟ್ಟಿಗೆ ಹಾಕಿಸುವುದು ಒಳ್ಳೆಯದು.