ಪುಟ್ಟ ಸೈನಿಕನಿಗೆ ಬಣ್ಣ ಹಚ್ಚುವುದು
(ಬಾನುಲಿ ಭಾಷಣ)

ಮೇಜಿನ ಮೇಲೆ ಸೇನೆಗಳನ್ನು ಎದುರುಬದುರಾಗಿ ನಿಲ್ಲಿಸಿ, ದಾಳ ಉರುಳಿಸಿ, ಅಳತೆಕೋಲಿನಿಂದ ನಡೆಯನ್ನು ಅಳೆದು ಆಡುವ ಯುದ್ಧದಾಟವೊಂದುಂಟು. ಅದರ ಸೈನಿಕರು ಸಾಮಾನ್ಯವಾಗಿ ಇಪ್ಪತ್ತೆಂಟು ಮಿಲಿಮೀಟರಿನಷ್ಟು, ಅಂದರೆ ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಬೊಂಬೆಗಳು. ಅಂಗಡಿಯಿಂದ ಬರುವಾಗ ಅವಕ್ಕೆ ಬಣ್ಣವಿರುವುದಿಲ್ಲ. ಬಣ್ಣ ಹಚ್ಚುವ ಕೆಲಸ ಕೊಂಡವನದು. ಎಷ್ಟೋ ಮಂದಿ ಆಟವನ್ನೇ ಬದಿಗಿಟ್ಟು ಈ ಬಣ್ಣಗಾರಿಕೆಗೆ ಮನಸೋತಿದ್ದಾರೆ. ಹೊಸದಾಗಿ ಕೈಹಚ್ಚುವವರಿಗೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆ ಏನನ್ನು ಒದಗಿಸಬಲ್ಲುದು ಎಂಬುದೇ ಈ ಭಾಷಣದ ವಿಷಯ.

ಈ ಆಟದ ಹುಟ್ಟು ದೂರದ್ದು. ಪ್ರಷ್ಯಾದಲ್ಲಿ ರೈಸ್‌ವಿಟ್ಸ್ ಎಂಬ ತಂದೆಮಕ್ಕಳು ರೂಪಿಸಿದ ಯುದ್ಧದಾಟ 1824ರ ಹೊತ್ತಿಗೆ ಸೇನಾಧಿಕಾರಿಗಳ ಪಾಠವಾಯಿತು. 1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಸಂಸ್ಥೆ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ದು ಅಗ್ಗವಾಗಿ ಮಾರತೊಡಗಿತು. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಮನೆಯ ನೆಲದ ಮೇಲೆ ಆಡುವ ಯುದ್ಧಕ್ಕೆ ನಿಯಮ ಕಟ್ಟಿಕೊಟ್ಟ. ಆಟದ ಯುದ್ಧವನ್ನು ಬಲ್ಲವನಿಗೆ ನಿಜಯುದ್ಧದ ಹೆಡ್ಡತನ ಇನ್ನಷ್ಟು ಸ್ಪಷ್ಟವಾಗುತ್ತದೆಂಬುದು ಆತನ ನಿಲುವು. ಯುದ್ಧದ ಬೊಂಬೆ ಮಕ್ಕಳಲ್ಲಿ ಕ್ರೌರ್ಯ ಬೆಳೆಸೀತೆಂದು ಅಂಜುವವರು ಈ ಮಾತನ್ನು ಗಮನಿಸಬಹುದು.

ಬಣ್ಣ ಹಚ್ಚುವವನ ಮೊದಲ ಪ್ರಶ್ನೆ ಬಣ್ಣದ್ದಲ್ಲ, ‘ಇವನು ಯಾರು?’ ಎಂಬುದು. ಪರದೇಶದ ಪೆಟ್ಟಿಗೆಯಲ್ಲಿ ಬರುವ ಸೈನಿಕ ನೆಪೋಲಿಯನ್ನನ ಕಾಲಾಳಾದರೆ ಅವನ ಅಂಗಿಯ ಗುಂಡಿಯವರೆಗೂ ವಿವರ ಅಚ್ಚಾಗಿರುತ್ತದೆ. ನಮ್ಮವನಿಗೆ ಅಂಥ ಅನುಕೂಲವಿಲ್ಲ. ಸುಮಾರು 1500ರಿಂದ 1763ರವರೆಗೆ ಬಾಳಿದ ಕೆಳದಿ ಅರಸೊತ್ತಿಗೆಯ ಮುಖ್ಯ ನೆಲೆಗಳು ಈ ಮೂರು ತಾಲ್ಲೂಕುಗಳಲ್ಲೇ ಹಂಚಿಹೋಗಿವೆ. ಕೆಳದಿ, ಇಕ್ಕೇರಿಗಳು ಸಾಗರದವು, ಬಿದನೂರು, ಅಂದರೆ ಇಂದಿನ ನಗರ, ಹೊಸನಗರದ್ದು, ಕವಲೇದುರ್ಗ ತೀರ್ಥಹಳ್ಳಿಯದು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು ಚೆನ್ನಮ್ಮ. ಅವಳ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಅವಳ ಪರವಾಗಿ ಘಟ್ಟದ ಕಾಡಿನಲ್ಲಿ ನಿಂತ ಕಾಲಾಳು ಏನುಟ್ಟಿದ್ದ, ತಲೆಗೆ ಏನು ಸುತ್ತಿದ್ದ, ಕತ್ತಿಯನ್ನು ಯಾವ ಮಗ್ಗುಲಿಗೆ ಕಟ್ಟಿದ್ದ ಎಂದು ಕೇಳಿದರೆ ನಾವು ತಡವರಿಸುತ್ತೇವೆ. ಕುಂಚ ಹಿಡಿದವನು ತಡವರಿಸಿ ಸುಮ್ಮನಿರುವಂತಿಲ್ಲ; ಆ ರುಮಾಲಿಗೆ ಅವನು ಒಂದು ಬಣ್ಣವನ್ನು ಹಚ್ಚಲೇಬೇಕು. ಈ ಹವ್ಯಾಸದ ಬೆಲೆ ಇರುವುದು ಇಲ್ಲಿ. ಓದುವಾಗ ದಾಟಿಹೋಗುವ ಪ್ರಶ್ನೆ ಬಣ್ಣ ಹಚ್ಚುವಾಗ ದಾರಿಗೆ ಅಡ್ಡ ನಿಲ್ಲುತ್ತದೆ.

ಉತ್ತರ ಹುಡುಕಲು ಮೊದಲು ಕಲ್ಲಿನ ಬಳಿಗೆ ಹೋಗಬೇಕು. ಮಲೆನಾಡಿನ ಊರಂಚಿನಲ್ಲಿ, ಗುಡಿಯ ಪಕ್ಕದಲ್ಲಿ ನಿಂತಿರುವ ವೀರಗಲ್ಲು ಒಂದರ್ಥದಲ್ಲಿ ನಮ್ಮ ಪುಟ್ಟ ಸೈನಿಕರ ಪ್ರದರ್ಶನವೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ನೋಟ, ಮೇಲೆ ದೇವಸನ್ನಿಧಿ. ಇದು ಸಾಮಾನ್ಯ ಕ್ರಮ. ಆ ಕೆಳಪಟ್ಟಿಕೆಯ ಗೇಣುದ್ದದ ಆಳುಗಳಲ್ಲಿ ತುರುಬಿನ ಕಟ್ಟು, ಕಾಸೆಯ ನೆರಿಗೆ, ಗುರಾಣಿ ಹಿಡಿದ ಬಗೆ ಎಲ್ಲವೂ ಕಾಣುತ್ತವೆ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಆವರಣದಲ್ಲಿ ಇಂಥ ಕಲ್ಲುಗಳನ್ನು ಒಟ್ಟಿಗೆ ನೋಡಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು: ಅನೇಕ ವೀರಗಲ್ಲುಗಳು ಕೆಳದಿಗಿಂತ ಶತಮಾನಗಳಷ್ಟು ಹಿಂದಿನವು. ಹೊಯ್ಸಳರ ಕಾಲದ ಕಲ್ಲಿನ ಉಡುಗೆಯನ್ನು ಕೋವಿ ಹಿಡಿದವನಿಗೆ ತೊಡಿಸಿದರೆ ಅದು ಅಭಾಸ. ಕಲ್ಲಿನ ಬಳಿಕ ಬರಹ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದು, ತಾನು ಕಂಡದ್ದನ್ನು ಪತ್ರಗಳಲ್ಲಿ ಬರೆದಿಟ್ಟ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವಂತೂ ಕನ್ನಡದಲ್ಲೇ ಇದೆ.

ಇನ್ನು ಕೈಕೆಲಸ. ಮೊದಲಿಗೆ ಐದೇ ಐದು ಬೊಂಬೆ ಸಾಕು. ದುಬಾರಿಯವೂ ಬೇಡ, ಸಾಗರದ ಮಾರಿಕಾಂಬಾ ಜಾತ್ರೆಯಲ್ಲೋ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲೋ ಮಕ್ಕಳಿಗೆಂದು ಮಾರುವ ಪ್ಲಾಸ್ಟಿಕ್ ಸಿಪಾಯಿಯಾದರೂ ಕೈ ಪಳಗಿಸಲು ಆದೀತು. ಹಳೆಯ ಸೀಸದ ಬೊಂಬೆಯಾದರೆ ಅದರ ಪುಡಿ ವಿಷಕಾರಿ. ಉಜ್ಜಬಾರದು, ಮಕ್ಕಳ ಕೈಗೆ ಕೊಡಬಾರದು. ಅಚ್ಚಿನಿಂದ ಬಂದ ಬೊಂಬೆಗೆ ಎಣ್ಣೆಯ ಅಂಶ ಅಂಟಿರುವುದರಿಂದ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನ ಎರಡು ಹೋಳು ಕೂಡಿದಲ್ಲಿ ಉಳಿದ ಗೆರೆಯನ್ನು ಚೂಪಾದ ಚಾಕುವಿನಿಂದ ಹೆರೆದು ತೆಗೆಯಬೇಕು. ಆಮೇಲೆ ಬೊಂಬೆಯನ್ನು ಬಾಟಲಿಯ ಬಿರಡೆಗೆ ಅಂಟಿಸಿಕೊಂಡರೆ ಬೆರಳು ತಾಗದೆ ತಿರುಗಿಸಬಹುದು.

ಬಣ್ಣಕ್ಕಿಂತ ಮೊದಲು ನೆಲೆ. ಕೊಪ್ಪಳ ಸೀಮೆಯ ಕಿನ್ನಾಳದ ಕುಶಲಿಗಳು ಮರದ ಬೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಹುಣಿಸೆಬೀಜದ ಸರಿ, ಕಲ್ಲಿನ ಪುಡಿಗಳ ಲೇಪವಿತ್ತು ಮೈಯನ್ನು ನಯಗೊಳಿಸಿ ಮುಂದುವರಿಯುತ್ತಾರೆ. ಪುಟ್ಟ ಸೈನಿಕನಿಗೆ ಆ ಸ್ಥಾನದಲ್ಲಿ ಪ್ರೈಮರ್ ಬೇಕು. ಡಬ್ಬಿಯಿಂದ ಸಿಂಪಡಿಸುವ ಪ್ರೈಮರ್ ಒಣಹವೆಯನ್ನು ಬೇಡುತ್ತದೆ. ಗಾಳಿಯಲ್ಲಿ ತೇವವಿದ್ದರೆ ಅದು ಹಿಟ್ಟು ಉದುರಿಸಿದಂತೆ ಕೂತು ಮೈಯೆಲ್ಲ ತರಿತರಿಯಾಗುತ್ತದೆ. ಆಗುಂಬೆಯ ಮಳೆಯನ್ನು ತನ್ನಲ್ಲಿಟ್ಟುಕೊಂಡ ಸೀಮೆಗೆ ಇದನ್ನು ಒತ್ತಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪ್ರೈಮರನ್ನು ಕುಂಚದಿಂದಲೇ ಹಚ್ಚುವುದು ಲೇಸು.

ಕುಂಚ ಅತಿ ಸಣ್ಣದಿರಬೇಕೆಂಬುದು ಹೊಸಬರ ಸಾಮಾನ್ಯ ತಪ್ಪುಕಲ್ಪನೆ. ಮೂರು ಸೊನ್ನೆಯ ಕುಂಚದಲ್ಲಿ ಬಣ್ಣ ನಿಲ್ಲುವುದೇ ಹನಿಯಷ್ಟು. ಬೊಂಬೆಯನ್ನು ಮುಟ್ಟುವ ಮೊದಲೇ ಅದು ತುದಿಯಲ್ಲಿ ಒಣಗುತ್ತದೆ. ಒಂದನೆಯ ಅಥವಾ ಎರಡನೆಯ ಅಂಕಿಯ, ತುದಿ ಸೂಜಿಯಂತೆ ಕೂಡುವ ದುಂಡು ಕುಂಚ ಸಾಕು. ಆಕ್ರಿಲಿಕ್ ಬಣ್ಣವನ್ನು ನೀರಿನಿಂದ ಹಾಲಿನ ಹದಕ್ಕೆ ತಂದು, ತೆಳುವಾಗಿ ಎರಡು ಸಲ ಹಚ್ಚಬೇಕು. ಗಟ್ಟಿಯಾಗಿ ಒಂದೇ ಸಲ ಬಳಿದರೆ ಕಣ್ಣು, ಬೆರಳು, ನೆರಿಗೆಗಳೆಲ್ಲ ಮುಚ್ಚಿಹೋಗುತ್ತವೆ. ಮೊಣಕೈಗಳನ್ನು ಮೇಜಿಗೆ ಊರಿ ಎರಡು ಮಣಿಕಟ್ಟುಗಳನ್ನು ಒಂದಕ್ಕೊಂದು ಆನಿಸಿದರೆ ಕೈನಡುಕ ನಿಲ್ಲುತ್ತದೆ.

ಈಗ ಇಡೀ ವಿದ್ಯೆಯ ಗುಟ್ಟಿಗೆ ಬರೋಣ. ಆಳೆತ್ತರದ ಮನುಷ್ಯನ ಬಟ್ಟೆಯ ಮಡಿಕೆಯಲ್ಲಿ ನೆರಳು ತಾನಾಗಿ ಬೀಳುತ್ತದೆ. ಹೆಬ್ಬೆರಳಿನ ಅರ್ಧದಷ್ಟಿರುವ ಬೊಂಬೆಯಲ್ಲಿ ಮಡಿಕೆ ಕೂದಲೆಳೆಯಷ್ಟು. ಅಲ್ಲಿನ ನೆರಳು ಕಣ್ಣಿಗೆ ತಾಗುವುದೇ ಇಲ್ಲ. ಆದ್ದರಿಂದ ನೆರಳನ್ನೂ ಬೆಳಕನ್ನೂ ಬಣ್ಣಗಾರನೇ ಬರೆಯಬೇಕು. ಯಕ್ಷಗಾನವನ್ನು ಬಲ್ಲವರಿಗೆ ಇದು ಹೊಸತಲ್ಲ. ಚೌಕಿಯಲ್ಲಿ ಹತ್ತಿರದಿಂದ ಕಂಡಾಗ ಅತಿಯೆನಿಸುವ ಮುಖವರ್ಣಿಕೆ, ರಂಗಸ್ಥಳದ ಬೆಳಕಿನಲ್ಲಿ ದೂರ ಕುಳಿತವನಿಗೆ ಸರಿಯಾಗಿ ಕಾಣುತ್ತದೆ. ದೂರ ಮಾಡುವ ಕೆಲಸವನ್ನೇ ಇಲ್ಲಿ ಗಾತ್ರ ಮಾಡುತ್ತದೆ. ವಿಧಾನ ಸರಳ: ಮೂಲಬಣ್ಣ ಒಣಗಿದ ಮೇಲೆ ಅದಕ್ಕಿಂತ ಗಾಢವಾದ, ನೀರಾದ ಬಣ್ಣವನ್ನು ಹರಿಯಬಿಟ್ಟರೆ ಅದು ತಗ್ಗುಗಳಲ್ಲಿ ನಿಲ್ಲುತ್ತದೆ, ಅದು ನೆರಳು. ಬಳಿಕ ತಿಳಿಬಣ್ಣದ ಕುಂಚವನ್ನು ಬಟ್ಟೆಗೆ ಒರೆಸಿ ಬಹುಮಟ್ಟಿಗೆ ಒಣಗಿಸಿ ಉಬ್ಬುಗಳ ಮೇಲೆ ಹಗುರವಾಗಿ ಸವರಿದರೆ ಅಂಚುಗಳಷ್ಟೇ ಬಣ್ಣ ಹಿಡಿಯುತ್ತವೆ, ಅದು ಬೆಳಕು.

ಇದೇ ತತ್ತ್ವದಿಂದ ಬಿಳಿಯ ಬಟ್ಟೆಯನ್ನು ಬಿಳಿಯಿಂದ ಆರಂಭಿಸಬಾರದು. ಬೂದಿಬಣ್ಣವನ್ನೋ ಹಳದಿ ಛಾಯೆಯ ಕೋರಾ ಬಣ್ಣವನ್ನೋ ಬಳಿದು, ನೆರಿಗೆಯ ಮೇಲಂಚಿಗೆ ಮಾತ್ರ ಬಿಳಿಯನ್ನು ಮುಟ್ಟಿಸಬೇಕು. ಮೈಬಣ್ಣದ ಮಾತು ಇನ್ನೂ ಮುಖ್ಯ. ಪರದೇಶದ ಕೈಪಿಡಿಗಳು ಹಲವು ವೇಳೆ ‘ಮೈಬಣ್ಣ’ವೆಂದು ಹೇಳುವುದು ತಿಳಿಗೆಂಪಿನ ಛಾಯೆಯನ್ನು. ಅದನ್ನು ನಂಬಿದರೆ ಇಕ್ಕೇರಿಯ ಕಾವಲುಗಾರ ಲಂಡನ್ನಿನವನಾಗಿಬಿಡುತ್ತಾನೆ. ಗಾಢ ಕಂದಿನಿಂದ ತೊಡಗಿ, ಕೆಂಪು ಛಾಯೆಯ ಕಂದು, ಅದರ ಮೇಲೆ ಮೂಗು, ಕೆನ್ನೆ, ಗೆಣ್ಣುಗಳಿಗೆ ಜೇನಿನ ಬಣ್ಣ. ಈ ಮೂರು ಮೆಟ್ಟಿಲು ಸಾಕು. ಐವರಿಗೂ ಒಂದೇ ಮಿಶ್ರಣ ಬೇಡ. ನಮ್ಮ ಸಂತೆಯಲ್ಲಿ ಐವರು ಒಂದೇ ಬಣ್ಣದವರು ಸಿಗುವುದುಂಟೆ?

ಕಾಲ ಕೆಳಗಿನ ಬಿಲ್ಲೆಗೆ ಅಂಟು ಸವರಿ, ಮನೆಯಂಗಳದ ಜಂಬಿಟ್ಟಿಗೆಯ ಕೆಮ್ಮಣ್ಣನ್ನು ಜರಡಿ ಹಿಡಿದು ಉದುರಿಸಿದರೆ ಸೈನಿಕ ಮಲೆನಾಡಿನ ನೆಲದ ಮೇಲೆ ನಿಂತಂತಾಗುತ್ತದೆ. ಕೊನೆಗೆ ಹೊಳಪಿಲ್ಲದ ವಾರ್ನಿಷ್ ಹಚ್ಚಿದರೆ ಬೊಂಬೆಯನ್ನು ಕೈಯಲ್ಲಿ ಹಿಡಿದು ಆಡಬಹುದು.

ಬಣ್ಣದ ಡಬ್ಬಿಗಳ ಜತೆಗೆ ಒಂದು ನೋಟ್‌ಬುಕ್ಕೂ ಇರಲಿ. ಪ್ರತಿ ಬೊಂಬೆಗೂ ಎರಡು ಸಾಲು ಬರೆಯಬೇಕು: ಇಷ್ಟು ಆಧಾರವಿದ್ದದ್ದು, ಇಷ್ಟು ನಾನು ಊಹಿಸಿದ್ದು. ಗುರಾಣಿಯ ಆಕಾರ ಕಲ್ಲಿನಿಂದ ಬಂದಿರಬಹುದು. ರುಮಾಲಿನ ನೀಲಿ ನಮ್ಮ ಊಹೆಯಿರಬಹುದು. ಊಹೆ ದೋಷವಲ್ಲ, ಆಧಾರದ ವೇಷ ಹಾಕಿಕೊಂಡ ಊಹೆ ದೋಷ. ಹದಿನಾಲ್ಕರ ಹುಡುಗನೊಬ್ಬ ಈ ಎರಡು ಸಾಲನ್ನು ಪ್ರಾಮಾಣಿಕವಾಗಿ ಬರೆಯಲು ಕಲಿತರೆ, ಇತಿಹಾಸ ವಿದ್ಯೆಯ ಮೊದಲ ಪಾಠ ಅವನಿಗೆ ದಕ್ಕಿತೆಂದೇ ಹೇಳಬೇಕು.

1763ರಲ್ಲಿ ಹೈದರಾಲಿಯ ವಶವಾದ ಬಿದನೂರಿನ ಕೋಟೆಯನ್ನೂ ಕವಲೇದುರ್ಗದ ಬಾಗಿಲುಗಳನ್ನೂ ನೋಡಲು ಜನ ಹೋಗುತ್ತಾರೆ, ಗೋಡೆಯ ಎತ್ತರಕ್ಕೆ ಬೆರಗಾಗಿ ಹಿಂತಿರುಗುತ್ತಾರೆ. ಗೋಡೆಯ ಮೇಲೆ ಇರುಳೆಲ್ಲ ಎಚ್ಚರವಿದ್ದವನ ಮುಖವನ್ನು ಯಾರೂ ಬರೆದಿಡಲಿಲ್ಲ. ಬೊಂಬೆಗೆ ಬಣ್ಣ ಹಚ್ಚುವವನು ಅವನನ್ನು ಮರಳಿ ತರಲಾರ. ಆದರೆ ಒಂದು ಸಂಜೆಯ ಮಟ್ಟಿಗಾದರೂ ಅವನ ರುಮಾಲು, ಅವನ ಕೈ, ಅವನ ಮೈಬಣ್ಣ ಹೇಗಿದ್ದಿರಬಹುದೆಂದು ಕಣ್ಣಿಟ್ಟು ಯೋಚಿಸುತ್ತಾನೆ. ಮುಂದಿನ ಸಲ ಹೊಲದಂಚಿನ ವೀರಗಲ್ಲೊಂದು ಎದುರಾದಾಗ ಅದನ್ನು ಬಳಸಿ ನಡೆಯದೆ, ಕೆಳಗಿನ ಪಟ್ಟಿಕೆಯ ಮುಂದೆ ಅವನು ಕುಕ್ಕುರುಗಾಲಲ್ಲಿ ಕೂತೇ ಕೂರುತ್ತಾನೆ.