ಬೆನ್ನುನೋವು: ಕೈಚಿಕಿತ್ಸೆ ಯಾರಿಗೆ ಒಗ್ಗೀತು?

ಕೃಷ್ಣಾತೀರದ ಯಡೂರಿನಂಥ ಊರುಗಳಲ್ಲಿ ಕಬ್ಬು ಕಡಿದು ಹೊರೆ ಹೊರುವವರಿಗೆ ಸೊಂಟ ಹಿಡಿಯುವುದು ಹೊಸದೇನಲ್ಲ. ಉಳುಕು ತೆಗೆಯುವವರ ಬಳಿ ಹೋದ ಇಬ್ಬರಲ್ಲಿ ಒಬ್ಬ ಎದ್ದು ನಡೆಯುತ್ತಾನೆ, ಇನ್ನೊಬ್ಬ ನರಳುತ್ತಲೇ ಇರುತ್ತಾನೆ. ಕೈಗುಣವೆಂದು ನಾವು ಸುಮ್ಮನಾಗುತ್ತೇವೆ.

ಅಮೆರಿಕದ ಟಿಮೊತಿ ಫ್ಲಿನ್ ಮತ್ತು ಸಂಗಡಿಗರು ಸುಮ್ಮನಾಗಲಿಲ್ಲ. ಬೆನ್ನೆಲುಬನ್ನು ಒತ್ತಿ ಸಡಿಲಿಸುವ ಚಿಕಿತ್ಸೆ ಪಡೆದ 71 ಮಂದಿಯ ಪೈಕಿ 32 ಮಂದಿ ಗಣನೀಯವಾಗಿ ಸುಧಾರಿಸಿದ್ದನ್ನು 2002ರಲ್ಲಿ ಅವರು ವರದಿ ಮಾಡಿದರು. ಗುಣ ಕಂಡವರನ್ನು ಗುರುತಿಸಲು ಐದು ಲಕ್ಷಣಗಳು ದೊರೆತವು: ನೋವು 16 ದಿನಗಳಿಗಿಂತ ಈಚಿನದು, ಮೊಣಕಾಲಿನ ಕೆಳಗೆ ಇಳಿದಿಲ್ಲ, ದುಡಿದರೆ ನೋವು ಹೆಚ್ಚೀತೆಂಬ ಭಯ ಕಡಿಮೆ, ಸೊಂಟಭಾಗದ ಬೆನ್ನೆಲುಬಿನ ಒಂದು ಸಂಧಿಯಾದರೂ ಬಿಗಿದಿದೆ, ಒಂದು ತೊಡೆಯ ಸಂಧಿಯಾದರೂ 35 ಡಿಗ್ರಿಗಿಂತ ಹೆಚ್ಚು ಒಳಮುಖವಾಗಿ ತಿರುಗುತ್ತದೆ. ನಾಲ್ಕು ಲಕ್ಷಣಗಳಿದ್ದರೆ ಯಶಸ್ಸಿನ ಸಂಭವ ಶೇ 45ರಿಂದ 95ಕ್ಕೇರಿತು.

ಆದರೆ ಆ ಅಧ್ಯಯನದಲ್ಲಿ ಹೋಲಿಕೆಗೆ ಬೇರೆ ಗುಂಪಿರಲಿಲ್ಲ. ಹೊಸ ನೋವು ತಾನಾಗಿಯೇ ಮಾಯುವುದೂ ಉಂಟು. ಕೀರ್ತಿ ಕೈಗೆ ಸಲ್ಲುತ್ತದೆ, ಅಷ್ಟೇ. 2004ರಲ್ಲಿ ಜಾನ್ ಚೈಲ್ಡ್ಸ್ ತಂಡ, ಒಟ್ಟು 131 ರೋಗಿಗಳಲ್ಲಿ ಚಿಕಿತ್ಸೆ ಪಡೆದವರನ್ನು ಬರಿಯ ವ್ಯಾಯಾಮದ ಗುಂಪಿನೊಡನೆ ಹೋಲಿಸಿ, ಸೂತ್ರವನ್ನು ಸಮರ್ಥಿಸಿತು. 2008ರಲ್ಲಿ ಆಸ್ಟ್ರೇಲಿಯಾದಲ್ಲಿ ಅದು ಫಲಿಸಲಿಲ್ಲ. ಅಲ್ಲಿ ಬಹುಪಾಲು ಮೃದು ವಿಧಾನವೇ ಬಳಕೆಯಾಗಿತ್ತೆಂಬ ಆಕ್ಷೇಪವೂ ಇದೆ. ಹೀಗಾಗಿ ಇದನ್ನು ಶಾಸ್ತ್ರವಾಕ್ಯವೆಂದು ಭಾವಿಸಬೇಕಿಲ್ಲ.

ಆದರೂ ದಿನಗೂಲಿ ಬಿಟ್ಟು ಬಂದವನನ್ನು ಮಲಗಿಸಿ ಬೆನ್ನು ಒತ್ತುವ ಮುನ್ನ, ನೋವಿಗೆ ಎಷ್ಟು ದಿನವಾಯಿತು, ಕಾಲಿಗಿಳಿಯುತ್ತದೆಯೇ ಎಂದು ಕೇಳಲು ಎಕ್ಸ್‌ರೇ ಬೇಡ, ಖರ್ಚೂ ಇಲ್ಲ. ಮೂತ್ರ ಕಟ್ಟಿದ್ದರೆ, ತೊಡೆಸಂದು ಜೋಮು ಹಿಡಿದಿದ್ದರೆ ಯಾರೂ ಬೆನ್ನು ಮುಟ್ಟಬಾರದು; ಅಂದೇ ಆಸ್ಪತ್ರೆಗೆ ಒಯ್ಯಬೇಕು.