ನಾಲ್ಕು ತಾಲೂಕು, ಮೂರು ದಿನ

ಭೂಮಧ್ಯ ಸಮುದ್ರದ ನಡುವೆ ಮಾಲ್ಟಾ ಎಂಬ ಪುಟ್ಟ ದೇಶವಿದೆ. ಪಕ್ಕದ ಗೋಜೋ ಮೊದಲಾದ ಕಿರುದ್ವೀಪಗಳನ್ನೂ ಕೂಡಿಸಿಕೊಂಡು ಅದರ ವಿಸ್ತಾರ 316 ಚದರ ಕಿಲೋಮೀಟರು. ನಮ್ಮ ಸವಣೂರು ತಾಲೂಕಿಗಿಂತಲೂ ಚಿಕ್ಕದು. ಆದರೂ ಯುರೋಪಿನ ಜನ ಮೂರು ದಿನದ ಬಿಡುವು ಸಿಕ್ಕರೆ ಸಾಕು, ಅಲ್ಲಿಗೆ ಹೋಗುತ್ತಾರೆ. ಈಜಿಪ್ತಿನ ಪಿರಮಿಡ್ಡುಗಳಿಗಿಂತ ಹಳೆಯವಾದ ಕಲ್ಲುಗುಡಿಗಳನ್ನು ನೋಡುತ್ತಾರೆ. 1565ರ ತುರ್ಕರ ಮುತ್ತಿಗೆಯ ಮರುವರ್ಷ ಕಟ್ಟತೊಡಗಿದ ವಲೆಟ್ಟಾ ನಗರದ ಕೋಟೆಯ ಮೇಲೆ ಅಡ್ಡಾಡುತ್ತಾರೆ. ತೃಪ್ತರಾಗಿ ಮರಳುತ್ತಾರೆ. ಈ ತೃಪ್ತಿಗೆ ಆ ಸ್ಥಳಗಳ ಹಿರಿಮೆ ಎಷ್ಟು ಕಾರಣವೋ ದ್ವೀಪದ ದಡವೂ ಅಷ್ಟೇ ಕಾರಣವೆಂದು ನನ್ನ ಎಣಿಕೆ. ನೋಡುವುದು ಎಲ್ಲಿಗೆ ಮುಗಿಯಿತೆಂದು ಅಲ್ಲಿ ಸಮುದ್ರವೇ ಹೇಳಿಬಿಡುತ್ತದೆ.

ಒಳನಾಡಿನವರಾದ ನಮಗೆ ಈ ಸೌಕರ್ಯವಿಲ್ಲ. ಮೂರು ದಿನ ರಜೆ ಬಂದರೆ ಬಾದಾಮಿ, ಹಂಪೆ, ಜೋಗ, ಗೋಕರ್ಣ ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬಿ ಹೊರಡುತ್ತೇವೆ. ಮರಳಿ ಬಂದ ಮೇಲೆ ನೆನಪಿನಲ್ಲಿ ಉಳಿಯುವುದು ವಾಹನದ ಕಿಟಕಿ ಮಾತ್ರ. ಆದ್ದರಿಂದ ದಡವನ್ನು ನಾವೇ ಎಳೆದುಕೊಳ್ಳಬೇಕು. ಹಾವೇರಿ ಜಿಲ್ಲೆಯ ನಕಾಶೆ ತೆಗೆದು ನೋಡಿರಿ. ಉತ್ತರಕ್ಕೆ ಸವಣೂರು, ಶಿಗ್ಗಾವಿ, ಪಶ್ಚಿಮಕ್ಕೆ ಹಾನಗಲ್ಲು, ದಕ್ಷಿಣಕ್ಕೆ ಹಿರೇಕೆರೂರು. ಈ ನಾಲ್ಕು ತಾಲೂಕುಗಳು ಒಂದಕ್ಕೊಂದು ಅಂಟಿಕೊಂಡು ಎಳೆಚಂದ್ರನ ಆಕಾರದಲ್ಲಿವೆ. ಎರೆಯ ಬಯಲಿನಿಂದ ಹೊರಟವನು ಭತ್ತ, ಮಾವಿನ ಅರೆಮಲೆನಾಡನ್ನು ದಾಟಿ ಮತ್ತೆ ಗುಡ್ಡಗಳ ನಡುವಿನ ಕೆರೆಯೊಂದರ ಏರಿಗೆ ಬಂದು ಮುಟ್ಟುತ್ತಾನೆ. ಮೂರು ದಿನಕ್ಕೆ ಇಷ್ಟು ಸಾಕು. ಹೆಚ್ಚೇ ಆಯಿತೆಂದರೂ ತಪ್ಪಲ್ಲ.

ಕಾಲದ ಮಾತನ್ನು ಮೊದಲು ಮುಗಿಸಿಬಿಡೋಣ. ನವೆಂಬರದಿಂದ ಫೆಬ್ರುವರಿಯವರೆಗೆ ಒಳ್ಳೆಯ ದಿನಗಳು. ಏಪ್ರಿಲ್-ಮೇ ತಿಂಗಳಲ್ಲಿ ಕಲ್ಲಿನ ನೆಲದ ಮೇಲೆ ಬರಿಗಾಲಿಡಲಾಗದು. ಉಳಿದುಕೊಳ್ಳಲು ಹಾವೇರಿ ಅನುಕೂಲ. ರೈಲಿನ ಊರು, ವಸತಿಗೃಹಗಳುಂಟು, ಎಲ್ಲ ಕಡೆಗೂ ಬಸ್ಸುಂಟು. ಊಟಕ್ಕೆ ರೊಟ್ಟಿಯ ಖಾನಾವಳಿಯನ್ನು ಹುಡುಕಿಕೊಂಡರೆ ಕೆಡುಕಿಲ್ಲ.

ಮೊದಲ ದಿನವನ್ನು ಶಿಗ್ಗಾವಿ ತಾಲೂಕಿಗೆ ಕೊಡಬೇಕು. ಹುಬ್ಬಳ್ಳಿಯ ಕಡೆಯಿಂದ ಬರುವವರು ಹೆದ್ದಾರಿಯಲ್ಲಿ ಶಿಗ್ಗಾವಿಯನ್ನು ದಾಟಿ ಎಷ್ಟು ಸಲ ಹೋಗಿಲ್ಲ! ಹೆದ್ದಾರಿಯ ಅಂಚಿನಲ್ಲೇ ಗೋಟಗೋಡಿ ಇದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ ಶಿಲ್ಪಗಳ ಉದ್ಯಾನವೂ, 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವೂ ಅಲ್ಲಿವೆ. ಮಕ್ಕಳು ಜೊತೆಗಿದ್ದರೆ ಉದ್ಯಾನಕ್ಕೆ ಎರಡು ತಾಸು ಬೇಕು. ಹಳ್ಳಿಯ ಬದುಕಿನ ಆಳೆತ್ತರದ ಪ್ರತಿಮೆಗಳು ದೊಡ್ಡವರನ್ನೂ ಹಿಡಿದು ನಿಲ್ಲಿಸುತ್ತವೆ. ಕನಕದಾಸರ ಹುಟ್ಟೂರೆನಿಸಿದ ಬಾಡವೂ ಇದೇ ತಾಲೂಕು. ಈಗ ಅಲ್ಲಿ ಅವರ ಸ್ಮಾರಕವಾಗಿ ಅರಮನೆಯೊಂದನ್ನು ಕಟ್ಟಿದ್ದಾರೆ. ಕಾಗಿನೆಲೆ ಬ್ಯಾಡಗಿ ತಾಲೂಕಿನದು. ನಾವು ಎಳೆದುಕೊಂಡ ದಡದ ಆಚೆಗಾಯಿತು. ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿರಿ.

ಆದರೆ ಶಿಶುನಾಳವನ್ನು ಬಿಡುವಂತಿಲ್ಲ. 1819ರಿಂದ 1889ರವರೆಗೆ ಬಾಳಿದ ಶರೀಫ ಸಾಹೇಬರ ಗದ್ದುಗೆ ಅಲ್ಲಿದೆ. ಮುಸಲ್ಮಾನ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರನ್ನು ಗುರುವಾಗಿ ಪಡೆದ ಈ ಅನುಭಾವಿಯ ಗದ್ದುಗೆಗೆ ಎರಡೂ ಸಮಾಜದವರು ತಂತಮ್ಮ ರೀತಿಯಲ್ಲಿ ನಡೆದುಕೊಳ್ಳುತ್ತಾರೆ. ನೋಡಲು ಅಲ್ಲಿ ಶಿಲ್ಪವೈಭವವಿಲ್ಲ. ಶರೀಫರ ನಾಲ್ಕು ಪದಗಳನ್ನಾದರೂ ಕಿವಿಯಲ್ಲಿ ತುಂಬಿಕೊಂಡು ಹೋಗದವನಿಗೆ ಅದು ಬರಿಯ ಹಳ್ಳಿಯೆಂದೇ ತೋರೀತು. ಕೆಲವು ಸ್ಥಳಗಳಿಗೆ ಕಣ್ಣಿಗಿಂತ ಮೊದಲು ಕಿವಿಯನ್ನು ಅಣಿಮಾಡಿಕೊಂಡು ಹೋಗಬೇಕಾಗುತ್ತದೆ.

ಸಂಜೆ ಬಂಕಾಪುರ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕನಾದ ಬಂಕೆಯನ ಹೆಸರು ಹೊತ್ತ ಊರಿದು. ಇಂದು ಊರನ್ನು ಹೊಕ್ಕವರಿಗೆ, ಇದು ಒಂದು ಕಾಲಕ್ಕೆ ಜೈನ ವಿದ್ಯೆಯ ದೊಡ್ಡ ಪೀಠವಾಗಿತ್ತೆಂದು ಹೊಳೆಯುವುದೇ ಇಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಶಕ 820ರಲ್ಲಿ ಪೂಜೆ ಸಂದದ್ದು ಇಲ್ಲಿ, ಬಂಕೆಯನ ಮಗ ಲೋಕಾದಿತ್ಯನು ಆಳುತ್ತಿದ್ದಾಗ. ಗಂಗ ದೊರೆ ಮಾರಸಿಂಹನು ರಾಜ್ಯವನ್ನು ತೊರೆದು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವಿಟ್ಟದ್ದೂ ಬಂಕಾಪುರದಲ್ಲಿ. ಆ ಅಜಿತಸೇನರೇ ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುಗಳು. ಹಳಗನ್ನಡವನ್ನು ಓದಿದವರು ಈ ಊರಿನ ಮಣ್ಣನ್ನು ತುಸು ಮೆಲ್ಲಗೆ ತುಳಿಯಬೇಕು.

ಕೋಟೆಯೊಳಗೆ ನಗರೇಶ್ವರ ಗುಡಿಯಿದೆ. ಜನ ಅದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಕಂಬಗಳ ಬಳಿ ಕುಳಿತು ಬೆರಳಾಡಿಸಿ ನೋಡಿರಿ. ಸುತ್ತಲೂ ಎದ್ದ ಬಳೆಯಂಥ ಗೆರೆಗಳು ಎಷ್ಟು ಹದವಾಗಿವೆಯೆಂದರೆ ಉಳಿಯೊಂದರಿಂದಲೇ ಅವು ಆಗಲಾರವು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಮೆದುವಾದ ನುಣುಪುಗಲ್ಲನ್ನು ಆಯ್ದು, ಕಂಬವನ್ನು ಕುಂಬಾರನ ತಿಗರಿಯ ಹಾಗೆ ತಿರುಗಿಸುತ್ತ ಕಡೆಯುತ್ತಿದ್ದರು. ಚಾಲುಕ್ಯರ ಹಳೆಯ ಮರಳುಗಲ್ಲನ್ನು ಬಿಟ್ಟು ಈ ಕಲ್ಲಿಗೆ ಬಂದದ್ದರಿಂದಲೇ ಅವರ ಕೈ ಇಷ್ಟು ಸೂಕ್ಷ್ಮವಾಯಿತು. ಕೋಟೆಯ ಆವರಣದಲ್ಲೇ ಖಿಲಾರಿ ದನಗಳ ತಳಿ ಸಂವರ್ಧನ ಕೇಂದ್ರವೂ, ಅದರ ಹುಲ್ಲು-ಪೊದೆಗಳ ಆಸರೆಯಲ್ಲಿ ನವಿಲುಗಳ ರಕ್ಷಿತ ಧಾಮವೂ ಇವೆ. ಹಳೆಯ ಕಂದಕ ವೈರಿಯನ್ನು ತಡೆಯಲಾರದೆ ಹೋಯಿತು. ಈಗ ನವಿಲನ್ನು ಕಾಯುತ್ತದೆ. ಹೊತ್ತು ಇಳಿಯುವಾಗಲೋ ಮೂಡುವಾಗಲೋ ಸದ್ದಿಲ್ಲದೆ ನಿಂತವರಿಗೆ ಅವು ಕಾಣಸಿಗುತ್ತವೆ.

ಎರಡನೆಯ ದಿನ ಬೆಳಿಗ್ಗೆ ಸವಣೂರು. ನವಾಬರ ಊರು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಪುಟ್ಟದೊಂದು ಸಂಸ್ಥಾನ. ಮರಾಠರು, ನಿಜಾಮ, ಹೈದರ, ಟೀಪು ಎಲ್ಲರ ದಂಡುಗಳೂ ತುಳಿದ ಈ ಊರಿನಲ್ಲಿ, ಅದೇ ಹದಿನೆಂಟನೆಯ ಶತಮಾನದ ಉತ್ತರಾದಿಮಠದ ಸತ್ಯಬೋಧತೀರ್ಥರ ಬೃಂದಾವನವೂ ಇದೆ. ನವಾಬರ ನಾಡಿನಲ್ಲಿ ಮಾಧ್ವ ಯತಿಯ ಬೃಂದಾವನ ಎಂಬುದು ನಮಗೆ ವಿಶೇಷವಾಗಿ ಕಾಣಬಹುದು. ಊರಿನವರಿಗೆ ಅದರಲ್ಲಿ ವಿಶೇಷವೇನೂ ಇಲ್ಲ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಇಲ್ಲಿಯೇ. ಹೊಳೆಯನ್ನು ಕಾಣಲು ಕೂಡ ಊರ ಹೊರಗೆ ಹೋಗಬೇಕಾದ ಈ ಊರಿನ ಹುಡುಗ ಮುಂದೆ ಹಡಗು ಹತ್ತಿ ಆಕ್ಸ್‌ಫರ್ಡಿಗೆ ಹೋಗಿ, ‘ಸಮುದ್ರ ಗೀತೆಗಳು’ ಎಂಬ ಸಂಕಲನವನ್ನೂ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವನ್ನೂ ಬರೆದರು. ಪ್ರವಾಸಕ್ಕೆ ಹೊರಡುವ ಮುನ್ನ ಇವುಗಳಲ್ಲೊಂದನ್ನು ಚೀಲದಲ್ಲಿ ಹಾಕಿಕೊಂಡರೆ ರಾತ್ರಿಯ ಓದಿಗೆ ಆಯಿತು.

ಸವಣೂರಿನಲ್ಲಿ ತಪ್ಪದೆ ನೋಡಬೇಕಾದದ್ದು ಕಲ್ಮಠದ ಆವರಣದ ದೊಡ್ಡಹುಣಸೆ ಮರಗಳು. ಹೆಸರಿಗೆ ಹುಣಸೆ, ನಮ್ಮ ಹುಣಸೆಗೂ ಇದಕ್ಕೂ ನಂಟಿಲ್ಲ. ಹಣ್ಣಿನ ತಿರುಳು ಹುಳಿಯಾದ್ದರಿಂದ ಈ ಹೆಸರು. ಇದು ಆಫ್ರಿಕಾದ ಬಾವೊಬಾಬ್ ವೃಕ್ಷ. ಬೇಸಿಗೆಗೆಂದು ನೀರನ್ನು ಕಾಂಡದಲ್ಲಿ ಕೂಡಿಟ್ಟುಕೊಳ್ಳುವುದರಿಂದ ಮರವೆಂಬುದು ಮರವಾಗಿರದೆ ಕಣಜದಂತೆ ಕಾಣುತ್ತದೆ. ಹತ್ತು ಜನ ಕೈಕೈ ಹಿಡಿದು ಸುತ್ತುಗಟ್ಟಿದರೂ ಅಪ್ಪುಗೆಗೆ ಸಿಗುವುದು ಕಷ್ಟ. ಸಮುದ್ರ ವ್ಯಾಪಾರಿಗಳು ತಂದರೆಂದು ಕೆಲವರ ಊಹೆ. ಶ್ರೀಕೃಷ್ಣನೇ ತಂದು ನೆಟ್ಟನೆಂದು ಸ್ಥಳಪುರಾಣ. ಎರಡು ಸಾವಿರ ವರ್ಷದ ಮರವೆಂದು ಊರವರು ಹೇಳುವುದುಂಟು. ಆದರೆ ಈ ಜಾತಿಯ ಕಾಂಡ ವಯಸ್ಸಾದಂತೆ ಒಳಗೆ ಪೊಳ್ಳಾಗುತ್ತದೆಯಾಗಿ, ಉಂಗುರ ಎಣಿಸಿ ವಯಸ್ಸನ್ನು ಹೇಳುವ ಮಾರ್ಗ ಇಲ್ಲಿ ನಡೆಯದು. ಮೂರು ಮರಗಳಲ್ಲಿ ಒಂದು 2023ರ ಜುಲೈ ತಿಂಗಳ ಮಳೆಯಲ್ಲಿ ಉರುಳಿತು. ಅದನ್ನು ಯಂತ್ರಗಳಿಂದ ಎತ್ತಿ ಮತ್ತೆ ನೆಟ್ಟರು. ಶತಮಾನಗಳಿಂದ ನಿಂತದ್ದು ಒಂದು ಮಳೆಗೆ ಬೀಳಬಹುದೆಂದು ಗೊತ್ತಾದ ಮೇಲೆ, ‘ಮುಂದೆಂದಾದರೂ ನೋಡಿದರಾಯಿತು’ ಎಂಬ ನಮ್ಮ ಮಾತಿಗೆ ಬೆಲೆ ಉಳಿಯುವುದಿಲ್ಲ. ಬೇರುಗಳ ಸುತ್ತಿನ ಮಣ್ಣನ್ನು ತುಳಿದು ಗಟ್ಟಿ ಮಾಡದೆ, ತೊಗಟೆಯ ಮೇಲೆ ಹೆಸರು ಕೆತ್ತದೆ, ದೂರ ನಿಂತು ನೋಡುವವರೇ ಅಲ್ಲಿಗೆ ಹೋಗಲಿ. ಹೊರಡುವಾಗ ಸವಣೂರಿನ ವೀಳ್ಯದೆಲೆಯನ್ನೂ ಖಾರಾವನ್ನೂ ಕಟ್ಟಿಸಿಕೊಳ್ಳಲು ಮರೆಯದಿರಿ. ಎಲೆ ಎಳೆಯದು, ಬಾಯಲ್ಲಿ ಕರಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಹಾನಗಲ್ಲನ್ನು ಸೇರಬೇಕು. ಸಂಜೆಯವರೆಗೆ ಬೇರೆಲ್ಲಿಗೂ ಹೋಗಬಾರದು. ಇದು ನನ್ನ ಹಟ ಎಂದರೂ ಸರಿ. ಶಾಸನಗಳ ಪಾನುಂಗಲ್ಲು ಇದು, ಹಾನಗಲ್ಲ ಕದಂಬರ ರಾಜಧಾನಿ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ದಂಡೆತ್ತಿ ಬಂದು ಮುತ್ತಿದ ಕೋಟೆ. ಜನರ ಬಾಯಲ್ಲಿ ಮಾತ್ರ ಇದು ವಿರಾಟನಗರ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲಿ ಎನ್ನುತ್ತಾರೆ. ಆ ಮಾತನ್ನು ವಾದಿಸದೆ ಕೇಳಿಕೊಂಡು ತಾರಕೇಶ್ವರ ಗುಡಿಗೆ ನಡೆಯಿರಿ.

ಗುಡಿಯ ಮಹಾಮಂಟಪದ ಭುವನೇಶ್ವರಿಯನ್ನು ನೋಡಲು ನೆಲದ ಮೇಲೆ ಮಲಗುವುದೇ ಸರಿಯಾದ ಕ್ರಮ. ಕಣ್ಣು ಒಳಗಿನ ಮಬ್ಬಿಗೆ ಹೊಂದಲು ಕೆಲವು ನಿಮಿಷ ಕೊಡಿರಿ. ಎಂಟು ಮೂಲೆಯ ತಳಹದಿಯಿಂದ ಒಂದರ ಮೇಲೊಂದು ಕಲ್ಲಿನ ವರಸೆಗಳು ಏರುತ್ತ ಹೋಗಿ ಕಮಲವಾಗಿ ಅರಳಿ, ನಡುವಿನಿಂದ ಮೊಗ್ಗಿನಂತೆ ಕೆಳಗೆ ಇಳಿಬಿದ್ದಿವೆ. ಕಮಾನಿನ ತತ್ತ್ವ ಇಲ್ಲಿಲ್ಲ. ಪ್ರತಿಯೊಂದು ವರಸೆಯೂ ತನ್ನ ಕೆಳಗಿನದಕ್ಕಿಂತ ತುಸುವೇ ಒಳಗೆ ಚಾಚಿದೆ. ಅದರ ಬೆನ್ನಿನ ಮೇಲೆ ಹೇರಿದ ಭಾರ ಅದು ಒಳಕ್ಕೆ ಮಗುಚದಂತೆ ಹಿಡಿದಿದೆ. ಅಂದರೆ ಹೂವಿನ ಹಗುರತನ ನಮಗೆ ಕಾಣುವುದು, ಕಾಣದ ಕಲ್ಲಿನ ಭಾರದಿಂದಾಗಿ. ಇದನ್ನು ಅರಿತು ಮತ್ತೊಮ್ಮೆ ಮೇಲೆ ನೋಡಿದವರಿಗೆ ಕಾಲು ತಾಸಿನಲ್ಲಿ ಎದ್ದು ಬರಲು ಮನಸ್ಸಾಗದು. ಹೊರಗೆ ಬಂದ ಮೇಲೆ ಹೊತ್ತಿದ್ದರೆ ಬಿಲ್ಲೇಶ್ವರ ಗುಡಿ, ಆನೆಕೆರೆಯ ದಂಡೆ. 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಕುಮಾರ ಸ್ವಾಮಿಗಳ ವಿರಕ್ತಮಠವೂ ಈ ಊರಿನದೇ.

ಮೂರನೆಯ ದಿನ ತಿಳವಳ್ಳಿಯ ಶಾಂತೇಶ್ವರ ಗುಡಿಯನ್ನು ನೋಡಿಕೊಂಡು ಹಿರೇಕೆರೂರಿನ ಕಡೆಗೆ ಹೊರಡುವುದು. ಅಲ್ಲಿನ ಸಾತೇನಹಳ್ಳಿಯ ಹನುಮಪ್ಪನ ವಿಷಯದಲ್ಲಿ ಒಂದು ಮಾತುಂಟು. ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಈ ಮೂವರನ್ನೂ ಒಂದೇ ದಿನ ಸೂರ್ಯ ಮುಳುಗುವುದರೊಳಗೆ ಕಂಡರೆ ಕಾಶೀಯಾತ್ರೆಯ ಫಲವೆಂದು ಹಿರಿಯರ ನಂಬಿಕೆ. ಮೂರು ಗುಡಿ, ಒಂದು ಹಗಲು! ಪ್ರವಾಸದ ವೇಳಾಪಟ್ಟಿ ಹಾಕುವುದನ್ನು ನಾವು ಹೊಸದಾಗಿ ಕಲಿತಿಲ್ಲ.

ಅಬಲೂರಿನಲ್ಲಿ ಓದುವ ಕಣ್ಣು ಬೇಕು. ಸರ್ವಜ್ಞನ ಜನನದ ಕಥೆಯನ್ನು ಪರಂಪರೆ ಈ ಊರಿಗೂ ಮಾಸೂರಿಗೂ ಹಂಚಿದೆ. ಇಲ್ಲಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಶಾಸನವೊಂದು ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ, ತಲೆಯನ್ನು ಅರಿದಿಟ್ಟು ಮರಳಿ ಪಡೆದನೆಂದೂ, ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟನೆಂದೂ ಹೇಳುತ್ತದೆ. ಗೆದ್ದವರು ಬರೆಸಿದ ಕಲ್ಲಿದು. ಸೋತವರ ಮಾತು ಇದರಲ್ಲಿಲ್ಲ. ಮೊದಲ ದಿನ ಬಂಕಾಪುರವನ್ನು ನೋಡಿದ್ದವರಿಗೆ ಆ ಇಲ್ಲದ ಮಾತು ಸ್ವಲ್ಪ ಕೇಳಿಸೀತು. ಶಿಶುನಾಳದ ಗದ್ದುಗೆಯನ್ನೂ ಇಲ್ಲಿ ನೆನೆಯಬೇಕು. ಒಂದೇ ಸೀಮೆ, ಮೂರು ಬಗೆಯ ಬಾಳುವೆ. ಈ ಮೂರನ್ನು ಒಂದೇ ಪ್ರವಾಸದಲ್ಲಿ ಇಡಬೇಕೆಂದದ್ದು ಈ ಕಾರಣಕ್ಕೆ. ಹಾದಿ ಉಳಿಯಲೆಂದು ಇವುಗಳಲ್ಲಿ ಒಂದನ್ನು ಕೈಬಿಟ್ಟರೆ ಉಳಿದೆರಡೂ ಅರ್ಧವೇ ಅರ್ಥವಾಗುತ್ತವೆ.

ಕಡೆಗೆ ಮಾಸೂರಿನ ಬಳಿಯ ಮದಗದ ಕೆರೆ. ಕುಮುದ್ವತಿ ನದಿ ಗುಡ್ಡಗಳ ನಡುವಿನಿಂದ ಹೊರಬೀಳುವ ಸಂದಿಗೆ ವಿಜಯನಗರದ ಕಾಲದಲ್ಲಿ ಹಾಕಿದ ಮಣ್ಣಿನ ಏರಿ. ಏರಿಯೆನ್ನುವುದಕ್ಕಿಂತ ಇನ್ನೊಂದು ಗುಡ್ಡವೆನ್ನಬೇಕು. ನೀರು ಒಂದು ಕಾಲಕ್ಕೆ ಅದನ್ನು ಒಡೆಯಿತು. ಈಗ ಕಾಣುವುದು ಹಿಂದಿನ ಕೆರೆಯ ಒಂದು ಭಾಗ ಮಾತ್ರ. ಮಳೆಗಾಲ ಮುಗಿಯುತ್ತಿದ್ದಂತೆ ಹೋದವರಿಗೆ ಕೋಡಿಯ ನೀರು ಬಂಡೆಗಳ ಮೇಲಿಂದ ಧುಮುಕುವುದೂ ಕಂಡೀತು. ಬಂಡೆ ಪಾಚಿಗಟ್ಟಿರುತ್ತದೆ, ಅಂಚಿಗೆ ಹೋಗಬಾರದು. ಸಂಜೆ ರಟ್ಟೀಹಳ್ಳಿಯ ಮೇಲೆ ಹಾಯ್ದು, ಕದಂಬೇಶ್ವರ ಗುಡಿಗೆ ಅರ್ಧ ತಾಸು ಕೊಟ್ಟು, ರಾಣೆಬೆನ್ನೂರನ್ನು ಸೇರಿದರೆ ಹುಬ್ಬಳ್ಳಿಗೂ ಬೆಂಗಳೂರಿಗೂ ರೈಲು ಸಿಗುತ್ತದೆ.